ವಿನಾಯಿತಿ ಇರುವುದಿಲ್ಲ

ಬೈಂದೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ವಾಂತಿ ಬರುವವರಿಗೆ ಮೀಸಲು. ಈ ನಿಯಮವನ್ನು ಯಾರೂ ಎಲ್ಲಿಯೂ ಬರೆದು ಅಂಟಿಸಿರಲಿಲ್ಲ; ಅಂಟಿಸದೆಯೇ ಅದು ನಡೆಯುತ್ತಿತ್ತು. ೧೯೯೭ರಲ್ಲಿ ನನಗೆ ಐದು ವರ್ಷ, ಅಣ್ಣನಿಗೆ ಎಂಟು. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಅವನ ಮುಖ ಬಿಳಚಿಕೊಳ್ಳುತ್ತಿತ್ತು. ಆದ್ದರಿಂದ ಬಿಜೂರಿನಲ್ಲಿ ಬಸ್ಸು ಹತ್ತಿದ ಕೂಡಲೇ ಅಮ್ಮ ಅವನ ಕೈಗೊಂದು ಲಿಂಬೆಹಣ್ಣು ಕೊಟ್ಟು ಕಿಟಕಿಗೆ ಕೂರಿಸುತ್ತಿದ್ದಳು. ನನ್ನ ಜಾಗ ಅವರಿಬ್ಬರ ನಡುವೆ. ಕಿರಿಮಂಜೇಶ್ವರ ದಾಟಿ ಮರವಂತೆ ಬಂದಾಗ ಇಡೀ ಬಸ್ಸು ಒಮ್ಮೆ ಕಡಲಿನತ್ತ, ಒಮ್ಮೆ ಹೊಳೆಯತ್ತ ಕತ್ತು ಹೊರಳಿಸುತ್ತಿತ್ತು. ನನಗೆ ಒಂದು ಬದಿಗೆ ಅಣ್ಣನ ಕಿವಿ, ಇನ್ನೊಂದು ಬದಿಗೆ ಅಮ್ಮನ ಚೀಲ ಕಾಣುತ್ತಿದ್ದವು.

“ನಂಗೂ ವಾಂತಿ ಬತ್ತ್,” ಎಂದು ಒಮ್ಮೆ ಹೇಳಿ ನೋಡಿದೆ.

ಅಮ್ಮ ಒಂದು ಕ್ಷಣ ನನ್ನ ಮುಖವನ್ನೇ ದಿಟ್ಟಿಸಿದಳು. “ಬಪ್ಪುದಾರೆ ಅದ್ ಹೇಳಿ ಕೇಂಡ್ ಬತ್ತಿಲ್ಲೆ. ಸುಮ್ನೆ ಕೂಕೋ.”

ಹೊಟ್ಟೆ ಗಟ್ಟಿಯಿದ್ದುದೇ ನನ್ನ ಅಪರಾಧವೆಂದು ಅಂದು ತೀರ್ಮಾನಿಸಿದೆ. ಅಣ್ಣನ ಮೇಲೆ ಅಂದು ಹುಟ್ಟಿದ ಹೊಟ್ಟೆಕಿಚ್ಚಿಗೆ ಮುಂದೆ ಬೇರೆ ಬೇರೆ ಹೆಸರುಗಳನ್ನಿಟ್ಟೆ. ಕಾಲೇಜಿನಲ್ಲಿ ಅದನ್ನು ಸಮಾನತೆಯ ಪ್ರಶ್ನೆ ಎಂದು ಕರೆದೆ. ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ಉತ್ತರದಾಯಿತ್ವ ಎಂಬ ಭಾರವಾದ ಪದ ಸಿಕ್ಕಿತು. ಆ ಪ್ರಶ್ನೆಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅವುಗಳ ತಳದಲ್ಲಿ ಒಂದು ಬಸ್ಸಿನ ಕಿಟಕಿ ಇತ್ತೆಂಬುದನ್ನು ಮುಚ್ಚಿಟ್ಟು ಬರೆದರೆ, ಇತರರಿಂದ ಹೊಣೆ ಕೇಳುವ ನನ್ನ ಬರವಣಿಗೆಗೆ ಅರ್ಥವಿರುವುದಿಲ್ಲ.

ಎಂ.ಎ. ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ಕುಂದಾಪುರದ ಒಂದು ಮುದ್ರಣಾಲಯದಲ್ಲಿ. ಕೆಳಗೆ ಆಫ್‌ಸೆಟ್ ಯಂತ್ರ, ಕಾಗದದ ಕಟ್ಟುಗಳು, ಕತ್ತರಿಸುವ ಮಿಷನ್. ಮೇಲೆ ಒಂದು ಉದ್ದನೆಯ ಕೋಣೆ, ನಾಲ್ಕು ಮೇಜು, ಒಂದು ಕಿಟಕಿ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಶಾಲೆಗಳ ಸ್ಮರಣ ಸಂಚಿಕೆ ಎಲ್ಲವೂ ಅಲ್ಲಿಯೇ ರೂಪುಗೊಳ್ಳುತ್ತಿದ್ದವು. ಅವುಗಳ ನಡುವೆ ಯಜಮಾನರು ಹಟಕ್ಕೆ ಬಿದ್ದವರಂತೆ ಹದಿನೈದು ದಿನಕ್ಕೊಮ್ಮೆ ಒಂದು ಪತ್ರಿಕೆಯನ್ನೂ ಹೊರತರುತ್ತಿದ್ದರು. ಅದರ ಬರಹಗಳನ್ನು ತಿದ್ದುವುದು, ಕೊನೆಯ ಪುಟವನ್ನು ತುಂಬಿಸುವುದು ನನ್ನ ಕೆಲಸ.

ಟೈಪ್ ಮಾಡುತ್ತಿದ್ದವರು ಮರವಂತೆಯ ಒಬ್ಬ ಅಕ್ಕ. ವಯಸ್ಸು ಐವತ್ತರ ಹತ್ತಿರ. ಬೆರಳುಗಳು ಮಾತ್ರ ಮಳೆ ಬಿದ್ದ ಹಾಗೆ ಓಡುತ್ತಿದ್ದವು. ನನ್ನ ಅಕ್ಷರವನ್ನು ನನಗಿಂತ ಚೆನ್ನಾಗಿ ಓದಬಲ್ಲವರಾಗಿದ್ದರು. ಅವರಿಗೆ ಹಳೆಯ ದಮ್ಮು. ಕಾಗದದ ಧೂಳು ಆಗುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ ದುಡಿದದ್ದು ಕಾಗದದ ನಡುವೆಯೇ. ಮಧ್ಯಾಹ್ನ ಊಟವಾದ ಮೇಲೆ ಕಪಾಟಿನಿಂದ ಒಂದು ಬಿಳಿಯ ಪೆಟ್ಟಿಗೆಯಂಥ ಯಂತ್ರವನ್ನು ತೆಗೆದು, ಔಷಧಿ ಹಾಕಿ, ಮೂಗು ಬಾಯಿ ಮುಚ್ಚುವ ಮಾಸ್ಕ್ ಕಟ್ಟಿಕೊಂಡು, ಒಳಗಿನ ಮೂಲೆಯಲ್ಲಿ ಹತ್ತು ನಿಮಿಷ ಕಣ್ಣುಮುಚ್ಚಿ ಕೂರುತ್ತಿದ್ದರು. ಡಾಕ್ಟರು ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದ್ದರಂತೆ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದು ‘ಹಬೆ ಮಿಷನ್.’

ಕಿಟಕಿಯ ಬಳಿಯ ಮೇಜು ಖಾಲಿ ಇರುತ್ತಿತ್ತು. ಅಲ್ಲಿ ಕೂತರೆ ಎರಡು ಹಂಚಿನ ಮಾಡುಗಳ ನಡುವೆ ಗಂಗೊಳ್ಳಿ ಕಡೆಯ ಹೊಳೆ ಒಂದು ತುಂಡು ಕಾಣುತ್ತಿತ್ತು. ಉಬ್ಬರದ ಹೊತ್ತಿನಲ್ಲಿ ದೋಣಿಯೂ ಹಾದುಹೋಗುತ್ತಿತ್ತು. ನನ್ನ ಮೇಜು ಪ್ರಿಂಟರಿನ ಪಕ್ಕ, ಗೋಡೆಗೆ ಮುಖಮಾಡಿ. ಮೊದಲ ವರ್ಷದಲ್ಲಿ ಎರಡು ಸಲ ಆ ಮೇಜನ್ನು ಕೇಳಿದೆ.

“ಅದ್ ಬಂದವ್ರಿಗೆ ಕೂಕಂಬುಕೆ ಮಾರಾಯ್ತಿ,” ಎಂದರು ಯಜಮಾನರು. “ಮದಿ ಕಾಯ್ದ ಮಾಡ್ಸುಕೆ ಬಂದವ್ರನ್ ಪ್ರಿಂಟರ್ ಮೇಲೆ ಕೂರ್ಸುಕಾತ್ತಾ?”

ಎರಡನೆಯ ಸಲವೂ ಅದೇ ಉತ್ತರ. ಬಂದವರು ನಿಂತುಕೊಂಡೇ ಮಾತಾಡಿ ಹೋಗುವುದನ್ನು ನಾನು ಕಂಡಿದ್ದೆ. ಆದರೂ ನ್ಯಾಯವಾದ ಕಾರಣವೊಂದಿದೆ ಎಂದುಕೊಂಡು ಸುಮ್ಮನಾದೆ.

ಅನಂತರ ಪುಟವಿನ್ಯಾಸಕ್ಕೆಂದು ಅವನು ಬಂದ. ಬ್ರಹ್ಮಾವರ ಕಡೆಯ ಮನೆತನ. ತಂದೆ ಮುಂಬಯಿಯಲ್ಲಿ ಹೋಟೆಲು ನಡೆಸಿದವರು. ಹುಟ್ಟಿ ಬೆಳೆದದ್ದು, ಚಿತ್ರವಿನ್ಯಾಸ ಕಲಿತದ್ದು ಎಲ್ಲ ಅಲ್ಲಿ. ಹೋಟೆಲು ಮುಚ್ಚಿದ ಮೇಲೆ ಊರಿಗೆ ಮರಳಿದ್ದ. ನನ್ನದೇ ವಯಸ್ಸು. ಪುಟ ಕಟ್ಟುವುದರಲ್ಲಿ ಅವನ ಕೈ ನಿಜಕ್ಕೂ ಚೆನ್ನಾಗಿತ್ತು. ಇದನ್ನು ಬರೆಯುವಾಗ ಈಗಲೂ ನನ್ನ ಪೆನ್ನು ಸ್ವಲ್ಪ ತಡೆಯುತ್ತದೆ. ಬಂದ ಮೂರನೆಯ ದಿನ ಯಜಮಾನರು ಅವನ ಮೇಜಿನಿಂದ ಬೆರಳುದ್ದದ ಕಪ್ಪು ವಸ್ತುವೊಂದನ್ನು ತೆಗೆದು ಅಕ್ಕನ ಕಂಪ್ಯೂಟರಿಗೆ ಚುಚ್ಚಿ ನೋಡಿದರು.

“ಬೈಂದೂರಿನವ್ರ ಮದಿ ಕಾಯ್ದದ ಪೆನ್ ಡ್ರೈವ್ ಇದೇ ಅಲ್ದಾ? ಇದ್ರಂಗೆ ಫೈಲೇ ಕಾಂತಿಲ್ಲೆ ಅಲೆ!”

“ಅರೇ ಯಜಮಾನ್ರೇ, ಅದ್ ಪೆನ್ ಡ್ರೈವ್ ಅಲ್ಲ!” ಅವನು ಓಡಿ ಬಂದು ಅದನ್ನು ಕಸಿದುಕೊಂಡ. “ಅದ್ ನಂದ್. ಎಳುದ್.”

ಇ-ಸಿಗರೇಟು ಅದು; ಎಳೆಯುವುದೆಂದರೇನೆಂದು ತೋರಿಸಿದ. ತುಟಿಗಿಟ್ಟು ಉಸಿರೆಳೆದು ಬಿಟ್ಟಾಗ ಬೆಳ್ಳಗಿನ ಮೋಡವೊಂದು ಕೋಣೆಯ ನಡುವೆ ತೇಲಿತು. ಮಾವಿನ ಹಣ್ಣಿನ ವಾಸನೆ, ಆದರೆ ಯಾವ ಮಾವಿನ ಮರವೂ ಒಪ್ಪಿಕೊಳ್ಳದಂಥದ್ದು. ಯಜಮಾನರು ಮಗುವಿನ ಹಾಗೆ ನಕ್ಕರು. ಅಕ್ಕ ಕೆಮ್ಮಿದರು.

ನನಗೆ ಅಜ್ಜ ನೆನಪಾದ. ಬಿಜೂರಿನಲ್ಲಿ ಅಜ್ಜ ಬೀಡಿ ಸೇದುತ್ತಿದ್ದುದು ಅಂಗಳದ ಮೆಟ್ಟಿಲಿನ ಮೇಲೆ ಮಾತ್ರ. ಹಿರಿಯರು ಯಾರಾದರೂ ಆ ದಾರಿಯಲ್ಲಿ ಬಂದರೆ ಉರಿಯುವ ಬೀಡಿಯನ್ನು ಮುಷ್ಟಿಯೊಳಗೆ ಅಡಗಿಸಿ ಎದ್ದು ನಿಲ್ಲುತ್ತಿದ್ದ. ಮಾತಾಡುವಾಗ ಮೂಗಿನಿಂದ ಹೊಗೆ ಬರುತ್ತಲೇ ಇರುತ್ತಿತ್ತು. ಬಂದವರು ಅದನ್ನು ನೋಡಿಯೂ ನೋಡದಂತಿರುತ್ತಿದ್ದರು. ಅಡಗಿಸುವುದು ಅಜ್ಜನ ಮರ್ಯಾದೆ, ಕಾಣದಂತಿರುವುದು ಅವರ ಮರ್ಯಾದೆ. ಈ ಮುಂಬಯಿಯವನ ಮುಷ್ಟಿ ತೆರೆದೇ ಇತ್ತು.

ಎರಡು ವಾರ ಕಳೆಯಿತು. ಮಗಳ ಮದುವೆ ಕಾಗದಕ್ಕೆ ಬಂದ ಹೆಂಗಸೊಬ್ಬರು ಮೂಗು ಮುಚ್ಚಿಕೊಂಡು, “ಹ್ವಾಯ್, ಇಲ್ಲ್ ಎಂತ ಹಣ್ಣ್ ಕೊಳೀತಾ ಇತ್ತಾ?” ಎಂದು ಕೇಳಿದರು. ಯಜಮಾನರಿಗೆ ಮುಜುಗರವಾಯಿತು. ಅವರು ಹೋದ ಮೇಲೆ ಒಂದು ತೀರ್ಪು ಹೊರಬಿತ್ತು:

“ನೀ ಒಂದ್ ಕೆಲ್ಸ ಮಾಡ್. ಆ ಕಿಟ್ಕಿ ಬದಿ ಮೇಜ್ ತಕೋ. ಬಿಡುದೆಲ್ಲ ಹೊರಗ್ ಬಿಡ್. ವಾಸ್ನಿ ಒಳಗ್ ಬಪ್ಪುದ್ ಬ್ಯಾಡ.”

ಒಂದು ವರ್ಷ ನಾನು ಕೇಳಿ ಪಡೆಯದ ಮೇಜು, ಕೇಳದೆಯೇ ಅವನದಾಯಿತು. ತಪ್ಪು ಮಾಡಿದ್ದೇ ಅವನ ಅರ್ಹತೆ. ಮತ್ತೆ ಅದೇ ಬಸ್ಸು, ಅದೇ ಕಿಟಕಿ. ಹೊಟ್ಟೆ ಗಟ್ಟಿಯಿದ್ದವಳು ಮತ್ತೆ ನಡುವಿನ ಸೀಟಿನಲ್ಲಿ. ಅವನು ತನ್ನ ಸಾಮಾನುಗಳನ್ನು ಎತ್ತಿಕೊಂಡು ಹೋಗುವಾಗ ನನ್ನ ಮೇಜಿನ ಅಂಚಿಗೆ ಅವನ ಮೊಣಕೈ ತಗುಲಿತು. “ಸಾರಿ ಮೇಡಂ” ಎಂದ. ಆ ಮೇಡಂ ಎಂಬ ಪದದಲ್ಲಿಯೂ ಅಣಕವಿದೆಯೆಂದು ನನಗೆ ಕೇಳಿಸಿತು.

ಹೊಟ್ಟೆಕಿಚ್ಚಿಗೆ ಕಣ್ಣು ಬಹಳ ಚುರುಕು. ಆದರೆ ಅದು ನೋಡುವುದು ಒಂದೇ ದಿಕ್ಕಿಗೆ. ಅವನು ದಿನಕ್ಕೆ ಎಷ್ಟು ಸಲ ಎಳೆಯುತ್ತಾನೆ, ಎಷ್ಟು ಹೊತ್ತು ಹೊಳೆಯನ್ನು ನೋಡುತ್ತಾನೆ, ದೋಣಿ ಹಾದಾಗ ಯಾರಿಗೆ ಹೇಳುತ್ತಾನೆ ಎಲ್ಲವೂ ನನಗೆ ಬಾಯಿಪಾಠವಾಯಿತು. ಮುಖ್ಯವಾಗಿ, ಯಜಮಾನರು ಅಲ್ಲಿಗೆ ಹೋಗಿ ನಿಲ್ಲತೊಡಗಿದ್ದನ್ನು ಕಂಡೆ. ಹಿಂದೆ ಸೇದಿ ಬಿಟ್ಟವರು ಅವರು. ಮಾವಿನ ಮೋಡದ ಅಂಚಿನಲ್ಲಿ ನಿಲ್ಲುವುದೇ ಅವರಿಗೊಂದು ಸುಖ. ಕಿಟಕಿಗೆ ಮೊಣಕೈ ಊರಿ ಇಬ್ಬರೂ ಹೊರಗೆ ನೋಡುತ್ತಾ ಮಾತಾಡುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ಪತ್ರಿಕೆಯ ಪುಟಗಳು ನಿರ್ಧಾರವಾಗಿರುತ್ತಿದ್ದವು.

ಗಂಗೊಳ್ಳಿಯಿಂದ ಬುಟ್ಟಿ ಹೊತ್ತು ಮೀನು ಮಾರಲು ಬರುವ ಹೆಂಗಸರ ಬಗ್ಗೆ ನಾನು ಮೂರು ವಾರ ಓಡಾಡಿ ಬರೆದ ಲೇಖನ ಕೊನೆಯ ಪುಟಕ್ಕೆ ಪೂರ್ತಿ ಹೋಗುವುದಿತ್ತು. ಅರ್ಧಕ್ಕಿಳಿದಿದೆಯೆಂದು ನನಗೆ ಗೊತ್ತಾದದ್ದು ಅಕ್ಕನ ಪರದೆಯ ಮೇಲೆ. ಉಳಿದರ್ಧದಲ್ಲಿ ಒಂದು ಹೋಟೆಲಿನ ಉದ್ಘಾಟನೆಗೆ ಶುಭಾಶಯ.

“ಇದನ್ನು ಯಾವಾಗ ತೀರ್ಮಾನ ಮಾಡಿದ್ದು?” ಎಂದು ಕೇಳಿದೆ.

“ಆಗಳೇ, ಕಿಟ್ಕಿ ಹತ್ರ,” ಎಂದರು ಯಜಮಾನರು, ಕಿಟಕಿಯೆಂಬುದೊಂದು ಸಂಪಾದಕೀಯ ಮಂಡಳಿ ಎಂಬಂತೆ.

ಅಂದು ನನಗೆ ಸಿಟ್ಟು ನೆತ್ತಿಗೇರಿತು. ಗೋಡೆಯ ಮೇಲೆ ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಹಳೆಯ ತಗಡಿನ ಫಲಕ ಇದ್ದೇ ಇತ್ತು. ಅದರ ಕೆಳಗೆ ನಿಂತು, ಈ ಬರಹಕ್ಕೆ ಈ ಕೋಣೆಯಲ್ಲಿ ಬೆಲೆಯಿದೆಯೇ ಎಂದು ಕೇಳಿದೆ.

“ಬೆಲೆ ಇತ್ತಲೆ ಮೇಡಂ,” ಎಂದ ಅವನು, ಕುರ್ಚಿಯನ್ನು ತಿರುಗಿಸಿ. “ಆದ್ರೆ ಧೂಮ ಅಂದ್ರೆ ಹೊಗಿ. ಹೊಗಿಗೆ ಬೆಂಕಿ ಬೇಕ್. ಇದ್ರಂಗೆ ಬೆಂಕಿ ಎಲ್ಲಿತ್ತ್ ತೋರ್ಸಿ, ನಾ ಈಗಳೇ ಹೊಳಿಗ್ ಬಿಸಾಕ್ತೆ. ಇದ್ ಬರೀ ಹಬಿ.”

“ಇದನ್ನು ಮಾರುವುದೇ ಅಪರಾಧವೆಂದು ಸರ್ಕಾರ ಹೇಳಿದೆ.”

“ಮಾರೂಕಾಗ ಅಂದ್ರ್. ನಾ ಎಂತ ಮಾರ್ತಾ ಇದ್ನಾ?”

ಯಜಮಾನರು ನಕ್ಕರು. ಆ ನಗು ನನ್ನನ್ನು ಇನ್ನಷ್ಟು ಕೆಣಕಿತು. “ಒಂದು ಕೋಣೆಯನ್ನು ನಾಲ್ಕು ಜನ ಹಂಚಿಕೊಳ್ಳುವಾಗ ಅದರ ಗಾಳಿಯೂ ನಾಲ್ವರದು. ಅಕ್ಕನಿಗೆ ದಮ್ಮಿದೆಯೆಂದು ಎಲ್ಲರಿಗೂ ಗೊತ್ತು. ಅವರು ಉಸಿರಾಡುವ ಗಾಳಿಗೆ ಯಾರು ಹೊಣೆ? ನನಗೆ ಲಿಖಿತ ಉತ್ತರ ಬೇಕು,” ಎಂದೆ.

“ಮೇಡಮ್ಮಿಗ್ ಸಿಟ್ಟ್ ಬಂದ್ರೆ ಪುಸ್ತಕದ್ ಕನ್ನಡ ಬತ್ತ್,” ಎಂದ ಅವನು ಅಕ್ಕನ ಕಡೆ ನೋಡಿ. ಅಕ್ಕನ ತುಟಿಯಂಚಿನಲ್ಲಿಯೂ ಒಂದು ನಗು ಇಣುಕಿತು. ಅದನ್ನೂ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಯಜಮಾನರಿಗೆ ಜಗಳವೆಂದರೆ ಆಗುವುದಿಲ್ಲ. “ಆಯ್ತ್ ಮಾರಾಯ್ತಿ. ಎಂ.ಎ. ಮಾಡಿದ್ದೆ ಅಲ್ದಾ? ನೀನೇ ಬರಿ ಕಾಂಬ. ಗೋಡಿಗ್ ಹಚ್ಚುವ.”

ಒಂದು ಇಡೀ ಬೆಳಗ್ಗೆ ಆ ನಿಯಮವನ್ನು ಬರೆದೆ. ಎಂ.ಎ. ಪ್ರಬಂಧಕ್ಕೂ ಅಷ್ಟು ಎಚ್ಚರ ವಹಿಸಿದ್ದಿಲ್ಲ. ಅವನು ನುಸುಳಬಹುದಾದ ಒಂದೊಂದು ಕಿಂಡಿಯನ್ನೂ ಪದಗಳಿಂದ ಮುಚ್ಚಿದೆ. ಹೊಗೆ ಎಂದು ಮಾತ್ರ ಬರೆದರೆ ಹಬೆ ಎನ್ನುತ್ತಾನೆ. ಹಬೆ ಎಂದರೆ ಆವಿ ಎನ್ನುತ್ತಾನೆ. ಕೊನೆಗೆ ಆ ವಾಕ್ಯ ಹೀಗೆ ನಿಂತಿತು: ‘ಕಚೇರಿಯ ಒಳಗೆ ಯಾವುದೇ ಸಾಧನದ ಮೂಲಕ ಹೊಗೆ, ಹಬೆ ಅಥವಾ ಆವಿಯನ್ನು ಎಳೆದುಕೊಳ್ಳುವುದನ್ನು ಹಾಗೂ ಹೊರಬಿಡುವುದನ್ನು ನಿಷೇಧಿಸಲಾಗಿದೆ. ಈ ನಿಯಮಕ್ಕೆ ಯಾವ ಕಾರಣಕ್ಕೂ ವಿನಾಯಿತಿ ಇರುವುದಿಲ್ಲ.’ ಓದಿ ನೋಡಿದೆ. ಒಂದು ಅಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಕ್ಕನ ಮೇಜಿನ ಮೇಲಿಟ್ಟೆ.

ಅಕ್ಕ ಮೊದಲ ಸಾಲನ್ನು ಟೈಪ್ ಮಾಡಿದರು. ಎರಡನೆಯದರಲ್ಲಿ ಬೆರಳು ನಿಂತಿತು.

“ವಿನಾಯಿತಿ ಯಾರಿಗೂ ಇಲ್ಯಾ ಹೆಣ್ಣೇ?”

“ಇಲ್ಲೆ ಅಕ್ಕ. ಒಂದ್ ಕೊಟ್ರೆ ಅವ ಅದ್ರಂಗೇ ತೂರ್ಕಂತ.”

“ಹ್ಞಾ,” ಎಂದರು ಅಕ್ಕ. ಬೆರಳುಗಳು ಮತ್ತೆ ಓಡಿದವು. ಆ ಕ್ಷಣ ಮಾತ್ರ ಅವು ಸ್ವಲ್ಪ ನಿಧಾನವಾಗಿದ್ದವೆಂದು ಈಗ ಅನಿಸುತ್ತದೆ. ಆಗ ನಾನು ಅಕ್ಷರದ ಗಾತ್ರವನ್ನು ಇನ್ನೂ ಎರಡು ಪಾಯಿಂಟ್ ದೊಡ್ಡದು ಮಾಡಿ ಎಂದು ಹೇಳುವುದರಲ್ಲಿದ್ದೆ.

ಸೂಚನೆ ಗೋಡೆಗೇರಿತು. ಅವನು ಅದನ್ನು ಪೂರ್ತಿ ಓದಿ, ನನಗೊಂದು ಸಲಾಮು ಹೊಡೆದು, ತನ್ನ ಕಪ್ಪು ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ. ನಾನು ಎದುರು ನೋಡುತ್ತಿದ್ದ ಜಗಳ ಆಗಲೇ ಇಲ್ಲ. ಮರುದಿನ ಯಜಮಾನರ ಬಳಿ ಹೋಗಿ, ಕಿಟಕಿಯ ಮೇಜನ್ನು ಅವನಿಗೆ ಕೊಟ್ಟ ಕಾರಣ ಈಗ ಉಳಿದಿಲ್ಲವಲ್ಲ ಎಂದೆ. ಅವರು ತಲೆ ಕೆರೆದುಕೊಂಡರು. ತರ್ಕದಲ್ಲಿ ಬಿರುಕಿರಲಿಲ್ಲ. ಮಧ್ಯಾಹ್ನದೊಳಗೆ ಆ ಮೇಜು ನನ್ನದಾಯಿತು.

ಗೆದ್ದ ಮೊದಲ ವಾರದ ಸುಖವನ್ನು ನಾನು ಸುಳ್ಳಾಗಿಸಲಾರೆ. ಹೊಳೆ ನನ್ನದು, ಗಾಳಿ ನನ್ನದು, ಉಬ್ಬರಕ್ಕೆ ಬರುವ ದೋಣಿ ನನ್ನದು. ಅಲ್ಲಿ ಕೂತವರ ಬೆನ್ನು ಕೋಣೆಯ ಕಡೆಗಿರುತ್ತದೆ ಎಂಬುದು ಮಾತ್ರ ಆಗ ನನಗೊಂದು ವಿಷಯವಾಗಿ ಕಾಣಲಿಲ್ಲ. ಊಟವಾದ ಮೇಲೆ ಹಿಂದಿನ ಮೂಲೆಯಿಂದ ಕೇಳುತ್ತಿದ್ದ ಯಂತ್ರದ ಗುಂಯ್ ಎಂಬ ಸದ್ದು ನಿಂತಿತ್ತು. ನಿಂತಿತ್ತೆಂಬುದು ನನ್ನ ಕಿವಿಗೆ ಬೀಳಲಿಲ್ಲ. ಕೆಳಗೆ ಆಫ್‌ಸೆಟ್ ಹೇಗೂ ಅಬ್ಬರಿಸುತ್ತಿತ್ತು.

ನನ್ನ ಕಿವಿಗೆ ಬಿದ್ದ ಮೌನ ಬೇರೆಯದು. ಯಜಮಾನರು ಕಿಟಕಿಯ ಬಳಿ ಬರುತ್ತಿರಲಿಲ್ಲ. ನಾನು ಗೆದ್ದುಕೊಂಡ ಜಾಗದಲ್ಲಿ ಈಗ ಹೊಳೆಯ ವಿನಾ ಏನೂ ಇರಲಿಲ್ಲ. ಮಾತು ಅವನ ಜೊತೆಗೇ ಮೆಟ್ಟಿಲಿಳಿದು ಹೋಗಿತ್ತು. ಅವನು ಕೆಳಗೆ ಮುದ್ರಣಾಲಯದ ಹಿಂಬದಿಯ ಜಗಲಿಯಲ್ಲಿ ನಿಂತು ಎಳೆಯುತ್ತಿದ್ದ. ಯಜಮಾನರು ಕಾಗದದ ಕಟ್ಟು ನೋಡುವ ನೆಪದಲ್ಲಿ ಅಲ್ಲಿಗೆ ಹೋಗುತ್ತಿದ್ದರು. ವಿಶೇಷಾಂಕದ ಮುಖಪುಟ ನಿರ್ಧಾರವಾದದ್ದು ಅಲ್ಲಿ. ನನಗೆ ಕರಡು ಬಂದದ್ದು ತಪ್ಪಕ್ಷರ ನೋಡುವುದಕ್ಕೆ.

ಆ ಕರಡನ್ನು ಕೈಯಲ್ಲಿ ಸುತ್ತಿಕೊಂಡು ನಾನು ಕೆಳಗಿಳಿದೆ. ಮಧ್ಯಾಹ್ನ ಎರಡರ ಸುಮಾರು. ಹೇಳಬೇಕಾದ ವಾಕ್ಯಗಳನ್ನು ಮೆಟ್ಟಿಲ ಮೇಲೆಯೇ ಜೋಡಿಸಿದ್ದೆ: ನಿರ್ಧಾರಗಳು ಕೋಣೆಯೊಳಗೆ ಆಗಬೇಕು, ಹೊಗೆಯ ಹಿಂದೆ ಅಲ್ಲ. ಹಿಂಬಾಗಿಲಿನ ಆಚೆ ಅವನ ನಗು ಕೇಳಿಸಿತು. ಜೊತೆಯಲ್ಲಿ ಇನ್ನೊಂದು ನಗು, ಮುಚ್ಚಿದ ಬಾಯಿಯೊಳಗಿಂದ ಬಂದಂತೆ. ಯಜಮಾನರೇ ಇರಬೇಕೆಂದು ಬಾಗಿಲನ್ನು ತಳ್ಳಿದೆ.

ಜಗಲಿಯಲ್ಲಿದ್ದ ಕಾಗದದ ಕಟ್ಟಿನ ಮೇಲೆ ಅಕ್ಕ ಕೂತಿದ್ದರು. ಮುಖದ ಮೇಲೆ ಮಾಸ್ಕ್. ಕತ್ತರಿಸುವ ಮಿಷನ್ನಿನ ಪ್ಲಗ್ಗನ್ನು ಕಿತ್ತು ಅಲ್ಲಿ ಹಬೆ ಮಿಷನ್ ಚುಚ್ಚಲಾಗಿತ್ತು. ಸುತ್ತಲೂ ಕತ್ತರಿಸಿದ ಕಾಗದದ ಚೂರು, ಬೆಳಕಿನಲ್ಲಿ ಏಳುವ ಧೂಳು. ಅದರ ನಡುವೆ ಅವರು ಔಷಧಿಯನ್ನು ಎಳೆದುಕೊಳ್ಳುತ್ತಿದ್ದರು. ಅವನು ಆರು ಮಾರು ದೂರ, ಅಂಗಳದ ಕೊನೆಯಲ್ಲಿ, ಗಾಳಿ ಅತ್ತ ಬೀಸುವ ಕಡೆ ನಿಂತಿದ್ದ. ಕೈಯಲ್ಲಿದ್ದುದು ಮುಷ್ಟಿಯೊಳಗಿತ್ತು.

“ಅಕ್ಕ, ಇಲ್ಲೆಂತ ಮಾಡ್ತಾ ಇದ್ರಿ?”

ಅಕ್ಕ ಮಾಸ್ಕ್ ತೆಗೆಯಲಿಲ್ಲ. ಉತ್ತರ ಕೊಟ್ಟವನು ಅವನು. “ಎಂತ ಮೇಡಂ, ನೀವೇ ಬರ್ದದ್ದಲ್ದಾ? ನಂಗೆ ದಮ್ಮ್ ಎಳೂಕೆ ಬೇಕ್, ಅಕ್ಕಂಗೆ ದಮ್ಮ್ ಇತ್ತ್. ನಿಮ್ಮ ಕಾನೂನಂಗೆ ನಾವಿಬ್ರೂ ಒಂದೇ ಪಾರ್ಟಿ.”

ಯಂತ್ರ ನಿಲ್ಲುವವರೆಗೆ ನಾನು ಅಲ್ಲಿಯೇ ನಿಂತಿದ್ದೆ. ಹೊಗೆ, ಹಬೆ ಅಥವಾ ಆವಿ. ವಿಶ್ವವಿದ್ಯಾನಿಲಯ ನನಗೆ ಕಲಿಸಿದ್ದ ಎಲ್ಲ ಸೂಕ್ಷ್ಮವನ್ನೂ ಧಾರೆಯೆರೆದು ಆರಿಸಿದ ಪದಗಳು. ಆ ಕೋಣೆಯಲ್ಲಿ ನಡುವಿನ ಪದಕ್ಕೆ ದಿನವೂ ಊಟವಾದ ಮೇಲೆ ಇದ್ದದ್ದು ಒಂದೇ ಅರ್ಥ, ಒಂದೇ ಮೂಲೆ, ಒಬ್ಬರೇ ಒಡತಿ. ಅದನ್ನು ನಾನು ಸಾವಿರ ಸಲ ಕೇಳಿದ್ದೆ. ‘ಅಕ್ಕ, ಹಬೆ ಮಿಷನ್ ಇಟ್ಟಾಯ್ತಾ?’ ಎಂದು ನನ್ನ ಬಾಯಿಯಿಂದಲೇ ಕೇಳಿದ್ದೂ ಇದೆ. ಬರೆಯುವಾಗ ಮಾತ್ರ ಆ ಪದದಲ್ಲಿ ನನಗೆ ಅವನೊಬ್ಬನೇ ಕಂಡಿದ್ದ.

ಅಕ್ಕ ಮಾಸ್ಕ್ ಬಿಚ್ಚಿ ಮುಖ ಒರೆಸಿಕೊಂಡರು. ಕೆನ್ನೆಯ ಮೇಲೆ ಅದರ ಗೆರೆ ಮೂಡಿತ್ತು.

“ನಂಗ್ ಹೇಳೂಕಾಗಿತ್ತಲೆ ಅಕ್ಕ,” ಎಂದೆ.

“ಕೇಂಡಿದ್ದೆ ಅಲ್ದಾ? ನೀನ್ ಇಲ್ಲೆ ಅಂದೆ.”

“ಅದ್ ನಿಮ್ಮನ್ ನೆನೆಸ್ಕಂಡ್ ಹೇಳಿದ್ದಲ್ಲ.”

“ಗೊತ್ತಿತ್ತ್ ಹೆಣ್ಣೇ. ನನ್ನನ್ ನೆನೆಸ್ಕಂಡಿರ್ಲಿಲ್ಲೆ ಅಂದೇಳಿ ಗೊತ್ತಿತ್ತ್.” ಅವರು ವಯರನ್ನು ಸುತ್ತತೊಡಗಿದರು. “ನಿಂಗೆ ಆ ಕಿಟ್ಕಿ ಬೇಕಿತ್ತ್. ಬಂದ ವರ್ಷದಿಂದ ಕಾಂತಾ ಇದ್ದೆ. ಸಿಕ್ಕಿತಲೆ, ಕೂಕೋ.”

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಅವರ ದಮ್ಮನ್ನು ನಾನು ಯಜಮಾನರ ಮುಂದೆ ಆಯುಧದ ಹಾಗೆ ಎತ್ತಿ ತೋರಿಸಿದ್ದೆ. ಅವರ ಹೆಸರಿನಲ್ಲಿ ಗಳಿಸಿದ ಗಾಳಿಯಲ್ಲಿ ನಾನು ಕೂತೆ, ಅವರು ಧೂಳಿಗಿಳಿದರು. ಒಂದೂವರೆ ತಿಂಗಳು. ಯಜಮಾನರೂ ದಿನವೂ ಇದೇ ಹಿಂಬಾಗಿಲನ್ನು ದಾಟಿ ಬಂದು ಹೋಗುತ್ತಿದ್ದರಲ್ಲ. ನೋಡಿದವರು ಒಂದು ಮಾತು ಏಕೆ ಆಡಲಿಲ್ಲ? ಈ ಪ್ರಶ್ನೆಯನ್ನು ನಾನು ಅವರಿಗೆ ಕೇಳಿಯೂ ಕೇಳಿದೆ.

“ಅವ್ಳೇ ಬ್ಯಾಡ ಅಂದ್ಲ್,” ಎಂದರು. “ನೀನ್ ಬರ್ದದ್ದ್ ಖಡಕ್ಕಾಗಿತ್ತ್ ಮಾರಾಯ್ತಿ. ನಿನ್ನತ್ರ ಮಾತಾಡುಕೆ ಹೆದ್ರಿಕೆ.”

ಹೆದರಿಸುವುದನ್ನು ನಾನು ಅಲ್ಲಿಯವರೆಗೆ ಅಧಿಕಾರವಿದ್ದವರ ಸೊತ್ತು ಎಂದುಕೊಂಡಿದ್ದೆ.

ಆ ಸಂಜೆಯೇ ಹೊಸ ಸೂಚನೆಯೊಂದನ್ನು ಬರೆದೆ. ತಪ್ಪು ಮಾಡಿದವರು ತಪ್ಪನ್ನು ಬರಹದಲ್ಲಿ ಒಪ್ಪಿಕೊಳ್ಳಬೇಕೆಂದು ಊರಿಗೆಲ್ಲ ಹೇಳುವವಳು ನಾನು. ‘ಹಿಂದಿನ ಸೂಚನೆಯನ್ನು ರಚಿಸುವಾಗ, ಕಚೇರಿಯ ಹಿರಿಯ ಸಹೋದ್ಯೋಗಿಯ ಉಸಿರಾಟದ ತೊಂದರೆಯನ್ನು ಗಮನಿಸದೆ ಅವರಿಗೆ ಅನ್ಯಾಯವೆಸಗಲಾಗಿದೆ. ಇದರ ಸಂಪೂರ್ಣ ಹೊಣೆ ಬರೆದವಳದು’ ಎಂದು ಆರಂಭಿಸಿ, ವಿನಾಯಿತಿಯ ವಿವರವನ್ನು ಸೇರಿಸಿ, ಕೆಳಗೆ ಸಹಿ ಹಾಕಿ ಅಕ್ಕನ ಮೇಜಿಗೆ ಒಯ್ದೆ.

ಅಕ್ಕ ಓದಿದರು. ಕೀಬೋರ್ಡಿನತ್ತ ಕೈ ಹೋಗಲಿಲ್ಲ.

“ಇದನ್ ನಾನ್ ಟೈಪ್ ಮಾಡ್ತಿಲ್ಲೆ.”

“ಎಂತಕ್ಕೆ ಅಕ್ಕ?”

“ನನ್ ದಮ್ಮಿನ್ ಸುದ್ದಿ ಗೋಡಿ ಮೇಲೆ ಎಂತಕ್ಕೆ? ಮದಿ ಕಾಯ್ದ ಮಾಡ್ಸುಕ್ ಬಂದವ್ರೆಲ್ಲ ಓದ್ಕಂಡ್ ಹೋಪುಕಾ? ನಿಂಗ್ ತಪ್ಪ್ ಒಪ್ಪ್ಕಂಬುದಾರೆ ನಿನ್ನಷ್ಟಕ್ಕೇ ಒಪ್ಪ್ಕೋ. ನನ್ನನ್ ಮತ್ತೊಂದ್ ಸಲ ಎಳೂದ್ ಬ್ಯಾಡ.”

ಹಿಂದಿನಿಂದ ಅವನು ಒಂದು ಮಾತೂ ಆಡಲಿಲ್ಲ. ಅಣಕಿಸಬಹುದಿತ್ತು. ಅಣಕಿಸದಿದ್ದುದಕ್ಕೂ ಅವನ ಮೇಲೆ ನನಗೆ ಹೊಟ್ಟೆ ಉರಿಯಿತು. ಸುಮ್ಮನಿರಬೇಕಾದ ಹೊತ್ತು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅಕ್ಕ ಎದ್ದರು. ಗೋಡೆಯ ಬಳಿ ಹೋಗಿ, ಸ್ಟೀಲಿನ ಸ್ಕೇಲಿನಿಂದ ಹಳೆಯ ಸೂಚನೆಯ ಅಂಚನ್ನು ಮೆಲ್ಲಗೆ ಎಬ್ಬಿಸಿ, ಹರಿಯದಂತೆ ಪೂರ್ತಿ ಕಿತ್ತರು. ಹಿಂಬದಿ ಖಾಲಿಯಿತ್ತಲ್ಲ, ಕರಡು ತೆಗೆಯಲು ಆಗುತ್ತದೆಂದು ಪ್ರಿಂಟರಿನ ಪಕ್ಕದ ರದ್ದಿ ಕಟ್ಟಿಗೆ ಸೇರಿಸಿದರು. ತಗಡಿನ ಫಲಕ ಮೊದಲಿನಂತೆ ಒಂಟಿಯಾಗಿ ಉಳಿಯಿತು.

ಅನಂತರ ಆ ಕೋಣೆಯಲ್ಲಿ ನಡೆದುಬಂದ ಪದ್ಧತಿಯನ್ನು ಯಾರೂ ಬರೆಯಲಿಲ್ಲ. ಅವನು ಅಂಗಳದ ಕೊನೆಗೆ ಹೋಗಿ ಎಳೆದು ಬರುತ್ತಿದ್ದ. ಮೇಲೆ ಎಂದೂ ಎಳೆಯಲಿಲ್ಲ. ಊಟವಾಗಿ ಅಕ್ಕ ಕಪಾಟನ್ನು ತೆರೆದ ಸದ್ದಾದರೆ ನಾನು ನನ್ನ ಕಾಗದಗಳನ್ನೆತ್ತಿಕೊಂಡು ಕಿಟಕಿಯ ಮೇಜಿನಿಂದ ಏಳುತ್ತಿದ್ದೆ. ಮೊದಲ ದಿನ ಅಕ್ಕ, “ಬ್ಯಾಡ, ನಂಗ್ ಮೂಲೆ ಸಾಕ್,” ಎಂದರು. ನಾನು ಕೂರಲಿಲ್ಲ. ಎರಡನೆಯ ದಿನ ಯಂತ್ರದ ವಯರು ಸಾಲದೆ ಹೋಯಿತು. ಮೂರನೆಯ ದಿನ ಅವನು ಎಲ್ಲಿಂದಲೋ ಒಂದು ಉದ್ದನೆಯ ವಯರು ತಂದು ಕಿಟಕಿಯವರೆಗೆ ಎಳೆದ.

ಪುಟಗಳ ನಿರ್ಧಾರ ಎಲ್ಲಿ ಆಗಬೇಕೆಂಬ ನನ್ನ ಪ್ರಶ್ನೆಯನ್ನು ನಾನು ಬಿಟ್ಟುಕೊಟ್ಟಿಲ್ಲ. ಅದನ್ನು ಯಜಮಾನರಿಗೆ ಪ್ರತ್ಯೇಕವಾಗಿ, ಯಾರ ರೋಗವನ್ನೂ ಹೊದ್ದುಕೊಳ್ಳದೆ, ನನ್ನ ಹೆಸರಿನಲ್ಲಿಯೇ ಕೇಳಿದೆ. ಹೆಂಗಸರು ನಿಲ್ಲದ ಜಗಲಿಯಲ್ಲಿ ಹೆಂಗಸರ ಬಗೆಗಿನ ಪುಟ ತೀರ್ಮಾನವಾಗುವುದು ಹೇಗೆ ಸರಿ ಎಂದು ಕೇಳಿದೆ. “ಕಾಂಬ” ಎಂದರು. ಎರಡು ವರ್ಷ ಕಳೆದು ನಾನು ಆ ಕೆಲಸ ಬಿಡುವವರೆಗೂ ಅವರು ನೋಡುತ್ತಲೇ ಇದ್ದರು. ಆ ಉತ್ತರ ಈಗಲೂ ಅವರ ಕಡೆಯಿಂದ ಬರಬೇಕಾಗಿದೆ.

ಆದರೆ ಆ ಕೋಣೆಯನ್ನು ನೆನೆದಾಗ ನನಗೆ ಮೊದಲು ಕಾಣುವುದು ಊಟದ ನಂತರದ ಹತ್ತು ನಿಮಿಷ. ನಾನು ಪ್ರಿಂಟರಿನ ಬಳಿ ನಿಂತಿರುತ್ತಿದ್ದೆ. ಅಕ್ಕ ಕಿಟಕಿಯಲ್ಲಿ ಮಾಸ್ಕ್ ಕಟ್ಟಿಕೊಂಡು ಕೂತಿರುತ್ತಿದ್ದರು. ಮೂಲೆಯಲ್ಲಿದ್ದಾಗ ಮುಚ್ಚಿರುತ್ತಿದ್ದ ಕಣ್ಣುಗಳು ಇಲ್ಲಿ ತೆರೆದಿರುತ್ತಿದ್ದವು. ಒಮ್ಮೆ ಹೊಳೆಯಲ್ಲಿ ದೋಣಿಯೊಂದು ಹಾದುಹೋಯಿತು. ಅಕ್ಕ ಮಾಸ್ಕಿನ ಒಳಗಿನಿಂದಲೇ, ತಿರುಗಿ ನೋಡದೆ, ಕೈಯೆತ್ತಿ ನನಗೆ ಅದನ್ನು ತೋರಿಸಿದರು.

ನಾನಿದ್ದ ಜಾಗದಿಂದ ಅದು ಕಾಣುತ್ತಿರಲಿಲ್ಲ. ಕಂಡಿತೆಂದು ಹೇಳಿದೆ.